22 ದಿನಕ್ಕೆ ಐದು ಕುರ್ತಾ, ಮೂರು ಸಲ್ವಾರ್

ಕಳೆದ ವರ್ಷ ಮೇ ತಿಂಗಳಲ್ಲಿ ಗಳಿಕೆ ರಜೆ ಹಾಕಿ ಅತ್ತೆಯವರನ್ನು ಕೇದಾರ, ಬದರಿಗೆ ಕರೆದುಕೊಂಡು ಹೋಗಿದ್ದೆ. ಒಟ್ಟು 22 ದಿನ. ಹೊರಡುವುದು 40 ಡಿಗ್ರಿ ದಾಟಿದ ಕಲಬುರಗಿಯ ಬಿಸಿಲಿನಲ್ಲಿ, ಏರುವುದು 3,583 ಮೀಟರ್ ಎತ್ತರದ ಕೇದಾರನಾಥದ ಚಳಿಗೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕೆ.ಜಿ. ಸಾಮಾನು ಒಯ್ಯಲು ಅವಕಾಶವಿದೆ ನಿಜ. ಆದರೆ ಅತ್ತೆಯವರಿಗೆ ಮೊಣಕಾಲು ನೋವು, ಅವರ ಚೀಲವನ್ನೂ ನಾನೇ ಎತ್ತಬೇಕು. ಹಾಗಾಗಿ ಒಬ್ಬೊಬ್ಬರಿಗೆ ಒಂದೇ ಚೀಲ, ಎರಡೂ ಸೇರಿ 13 ಕೆ.ಜಿ. ಮೀರಬಾರದು ಎಂದು ಗಟ್ಟಿ ಮಾಡಿಕೊಂಡೆ.

ದಾರಿ ತೋರಿಸಿದವರು ಅತ್ತೆಯವರೇ. ಅವರು ಯಾವ ಊರಿಗೆ ಹೊರಟರೂ ನಾಲ್ಕು ಸೀರೆಗೆ ಎರಡೇ ಕುಪ್ಪಸ: ಒಂದು ಕಪ್ಪು, ಇನ್ನೊಂದು ಕೆಂಪು ಖಣದ್ದು. ಅವರವು ಇಳಕಲ್ ಸೀರೆಗಳು. ಸೆರಗು ಕೆಂಪು, ಅಂಚೂ ಕೆಂಪು. ಒಡಲು ಹಸಿರಾಗಲಿ, ನೀಲಿಯಾಗಲಿ, ಕೆಂಪು ಖಣ ಎಲ್ಲಕ್ಕೂ ಒಪ್ಪುತ್ತದೆ. ನಾನು ಮಂಚದ ತುಂಬ ಕುರ್ತಾ ಹರಡಿಕೊಂಡು ಕುಳಿತಿದ್ದಾಗ ಬಂದು ನೋಡಿದರು. "ಮೇಲಿನದನ್ನು ಆರಿಸುತ್ತ ಕುಳಿತರೆ ಮುಗಿಯುವುದಿಲ್ಲವ್ವಾ, ಕೆಳಗಿನದನ್ನು ಮೊದಲು ಆರಿಸು" ಎಂದರು.

ಹಾಗೆಯೇ ಮಾಡಿದೆ. ಸಲ್ವಾರ್ ಮೂರು: ಗಾಢ ನೀಲಿ, ಕಡುಗೆಂಪು, ಕೆನೆ ಬಣ್ಣ. ಈ ಮೂರಕ್ಕೂ ಒಪ್ಪುವ ಕುರ್ತಾಕ್ಕೆ ಮಾತ್ರ ಚೀಲದಲ್ಲಿ ಜಾಗ. ಒಂದೊಂದು ಜೋಡಿಯನ್ನೂ ಮಂಚದ ಮೇಲೆ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದೆ. ಕಣ್ಣಿಗೆ ಸರಿ ಎನಿಸಿದ್ದು ಫೋಟೊದಲ್ಲಿ ಸಪ್ಪೆಯಾಗಿ ಕಂಡದ್ದುಂಟು. ನನಗೆ ಬಹಳ ಇಷ್ಟವಾದ ಅರಿಶಿನ ಬಣ್ಣದ ಅಚ್ಚಿನ ಕುರ್ತಾ ಕೆನೆ ಸಲ್ವಾರಿಗೆ ಮಾತ್ರ ಒಪ್ಪಿತು. ಮನಸ್ಸು ಒಪ್ಪದಿದ್ದರೂ ಅದನ್ನು ಕಪಾಟಿಗೆ ಮರಳಿಸಿದೆ. ಉಳಿದದ್ದು ಐದು. ಐದು ಕುರ್ತಾ, ಮೂರು ಸಲ್ವಾರ್ ಎಂದರೆ 15 ಜೋಡಿ; ಎರಡು ದುಪಟ್ಟಾ ಅದಲುಬದಲು ಮಾಡಿದರೆ 30 ಬಗೆ. ಕುರ್ತಾಗಳ ಉದ್ದವನ್ನು ದರ್ಜಿಯಿಂದ ಮೊಣಕಾಲಿನವರೆಗೆ ಇಳಿಸಿಕೊಂಡು, ಪಕ್ಕದ ಸೀಳನ್ನು ಏರು ಹತ್ತಲು ಅನುಕೂಲವಾಗುವಂತೆ ಸ್ವಲ್ಪ ಹೆಚ್ಚಿಸಿ, ಒಳಗೆ ಹಣಕ್ಕೊಂದು ಜಿಪ್ ಜೇಬು ಹಾಕಿಸಿದೆ.

ಬಣ್ಣದ ಲೆಕ್ಕ ಸರಿಯಿತ್ತು. ತಪ್ಪಿದ್ದು ಒಣಗುವ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಕೆಲಸ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಮನೆಗೆ ಬಂದವಳೇ ಐದೂ ಕುರ್ತಾಗಳನ್ನು ಒಗೆದು ಮಾಳಿಗೆಯ ತಂತಿಗೆ ಹಾಕಿ ನೋಡಿದೆ. ದಪ್ಪ ಖಾದಿಯೂ ಅರ್ಧ ತಾಸಿನಲ್ಲಿ ಹಪ್ಪಳದಂತಾಯಿತು. ನಮ್ಮ ಬಿಸಿಲಿಗೆ ಒಣಗದ ಬಟ್ಟೆ ಯಾವುದಿದೆ? ಕೇದಾರದ ದಾರಿಯಲ್ಲಿ ಸಿಗುವ ಬೆಟ್ಟದ ಊರು ಗುಪ್ತಕಾಶಿಯಲ್ಲಿ ಸಂಜೆ ಒಗೆದು ಕೋಣೆಯೊಳಗೆ ಹಗ್ಗಕ್ಕೆ ಹಾಕಿದ ಅದೇ ಖಾದಿ ಮರುದಿನ ಬೆಳಗ್ಗೆ ಕೈಯಲ್ಲಿ ಹಿಡಿದರೆ ನೀರು ಕುಡಿದ ಗೋಣಿಚೀಲ. ರೇಯಾನ್ ಕುರ್ತಾದ ಮೈ ಒಣಗಿತ್ತು, ಹೊಲಿಗೆ ಇದ್ದಲ್ಲೆಲ್ಲ ತೇವ ಉಳಿದಿತ್ತು. ಪಾಲಿಯೆಸ್ಟರ್ ಬೆರೆತ ತೆಳು ಹತ್ತಿಯದು ಮಾತ್ರ ಹಾಕಿಕೊಳ್ಳುವ ಹಾಗಿತ್ತು. ಬೆಟ್ಟದ ಊರಿಗೆ ಹೋಗುವವರು ಪರೀಕ್ಷೆಯನ್ನು ಮಾಳಿಗೆಯ ಮೇಲೆ ಮಾಡಬೇಡಿ. ಕಿಟಕಿ ಮುಚ್ಚಿ, ಫ್ಯಾನ್ ಹಾಕದೆ, ರಾತ್ರಿ ಕೋಣೆಯೊಳಗೆ ಒಣಹಾಕಿ, ಬೆಳಗ್ಗೆ ಕಂಕುಳಿನ ಹೊಲಿಗೆಯನ್ನು ಮುಟ್ಟಿ ನೋಡಿ.

ಅಲ್ಲಿ ನನಗೆ ಒದಗಿದ್ದು ಒಂದು ತೆಳು ಟವೆಲು. ಹಿಂಡಿದ ಕುರ್ತಾವನ್ನು ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಚಾಪೆಯಂತೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕಾಲಿಟ್ಟು ತುಳಿಯಬೇಕು. ಅರ್ಧ ನೀರು ಟವೆಲಿಗೆ ಇಳಿಯುತ್ತದೆ. ಅತ್ತೆಯವರು ಸೊಲ್ಲಾಪುರದ ಚಾದರವನ್ನೂ ದಪ್ಪ ಟವೆಲನ್ನೂ ತರುತ್ತೇನೆಂದು ಹಟ ಹಿಡಿದಿದ್ದರು. ಮನೆಯಲ್ಲಿ ಅವಕ್ಕೆ ಸಮನಾದದ್ದಿಲ್ಲ, ಆದರೆ ಒಮ್ಮೆ ಒದ್ದೆಯಾದರೆ ಅಲ್ಲಿ ಮೂರು ದಿನ ಹೊರಬೇಕಾಗುತ್ತಿತ್ತು.

ಚಳಿಗೆ ದಪ್ಪ ಕೋಟು ಒಯ್ಯಲಿಲ್ಲ. ಕುರ್ತಾ, ಸಲ್ವಾರಿನ ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ರೇನ್‌ಕೋಟ್, ಕುತ್ತಿಗೆಗೆ ಉಣ್ಣೆಯ ಶಾಲು. ಕೇದಾರದ ಕಾಲುದಾರಿ ಶುರುವಾಗುವ ಗೌರಿಕುಂಡದಿಂದ ಏರುವಾಗ ಬೆವರಿತು, ಸ್ವೆಟರ್ ತೆಗೆದೆ. ಮೇಲೆ ತಲುಪುತ್ತಲೇ ಎಲ್ಲವನ್ನೂ ಹಾಕಿಕೊಂಡೆ. ಬೆವರಿಗೆ ಒದ್ದೆಯಾದ ಹತ್ತಿ ಮೈಗೆ ಅಂಟಿ ಚಳಿ ಹೆಚ್ಚಿಸುತ್ತದೆ, ಆದ್ದರಿಂದ ಒಳಗಿನ ಪದರಕ್ಕೆ ಹತ್ತಿ ಬೇಡ. ಡೋಲಿಯಲ್ಲಿ ಬಂದ ಅತ್ತೆಯವರು ಸೀರೆಯ ಒಳಗೆ ಥರ್ಮಲ್, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿದ್ದರು. ಇವನ್ನು ಡಿಸೆಂಬರಿನಲ್ಲೇ ಕೊಂಡಿಡಿ. ಏಪ್ರಿಲಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯನ್ನು ಸುತ್ತಿ ಥರ್ಮಲ್ ಕೇಳಿದಾಗ ಅಂಗಡಿಯವರೊಬ್ಬರು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿ ಹುಡುಕಿಕೊಡಬೇಕಾಯಿತು.

ದೊಡ್ಡ ನಷ್ಟವಾದದ್ದು ಹರಿದ್ವಾರದಲ್ಲಿ. ಹೊಸ ಕಡುಗೆಂಪು ಸಲ್ವಾರನ್ನು ಕೆನೆ ಸಲ್ವಾರಿನ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಹತ್ತು ನಿಮಿಷದಲ್ಲಿ ಕೆನೆಯದು ದಾಳಿಂಬೆ ರಸ ಚೆಲ್ಲಿದಂತೆ ಕಲೆಕಲೆಯಾಯಿತು. ಕಣ್ಣಲ್ಲಿ ನೀರು ಬಂತು. ಮನೆಯ ಕಪಾಟಿನಲ್ಲಾಗಿದ್ದರೆ ಒಂದು ಸಲ್ವಾರ್ ಹೋದರೆ ಒಂದೇ ಹೋದಂತೆ. ಇಲ್ಲಿ ಐದು ಜೋಡಿ ಒಮ್ಮೆಲೇ ಹೋದವು. ಕಡಿಮೆ ಬಟ್ಟೆ ಒಯ್ಯುವವರು ಹೊಸ ಗಾಢ ಬಣ್ಣದ ಬಟ್ಟೆಯನ್ನು ತೊಳೆದ ನೀರು ತಿಳಿಯಾಗುವ ತನಕ ಮನೆಯಲ್ಲೇ ಮೂರು ನಾಲ್ಕು ಸಲ ಒಗೆದು ಹೊರಡಬೇಕು.

ಕಲೆಯಾದ ಸಲ್ವಾರನ್ನು ಎಸೆಯಲಿಲ್ಲ. ಬದರಿಯ ಬಿಸಿನೀರಿನ ತಪ್ತಕುಂಡದಲ್ಲಿ ಸ್ನಾನಕ್ಕೆ ಅದನ್ನೇ ಉಟ್ಟೆ, ಒದ್ದೆ ಬಟ್ಟೆಗೆಂದೇ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದೆ. ಉಳಿದ ಹತ್ತು ಜೋಡಿಯಲ್ಲಿ ದಿನ ಕಳೆದವು. ದರ್ಶನದ ಎರಡೂ ದಿನ ಅತ್ತೆಯವರ ಹಸಿರು ಇಳಕಲ್ ಉಟ್ಟೆ. ಅವರದೇ ಕೆಂಪು ಖಣದ ಕುಪ್ಪಸದ ಪಕ್ಕದ ಹೊಲಿಗೆ ಬಿಚ್ಚಿ ನನಗೆ ಸಡಿಲ ಮಾಡಿಕೊಟ್ಟರು, ಮರಳುವಾಗ ರೈಲಿನಲ್ಲಿ ಕುಳಿತು ಮತ್ತೆ ತಮ್ಮ ಅಳತೆಗೆ ಹೊಲಿದುಕೊಂಡರು.

ಈ ವರ್ಷ ಇಬ್ಬರೂ ಕಾಶಿಗೆ ಹೊರಟಿದ್ದೇವೆ. ಕೆನೆಯ ಬದಲು ಬೂದು ಬಣ್ಣದ ಸಲ್ವಾರ್ ಹೊಲಿಯಲು ಕೊಟ್ಟಿದ್ದೇನೆ. ಅರಿಶಿನ ಬಣ್ಣದ ಕುರ್ತಾ ಅದಕ್ಕೂ ಒಪ್ಪುತ್ತದೆ, ನೀಲಿಗೂ ಒಪ್ಪಿಸಬಲ್ಲ ದುಪಟ್ಟಾ ಒಂದನ್ನು ಹುಡುಕುತ್ತಿದ್ದೇನೆ.