ಬುಟ್ಟಿ ಗಿಡಕ್ಕೆ ಬಿಸಿಲು ಕಲಿಸಿದ್ದು

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಅರೇಬಿಕಾ ಕಾಫಿ ತೋಟ. ಪ್ರತಿವರ್ಷ ನಾನೇ ಬುಟ್ಟಿ ಗಿಡ, ಅಂದರೆ ಚೀಲದಲ್ಲಿ ಬೆಳೆಸುವ ಸಸಿ, ಮಾಡಿಕೊಳ್ಳುತ್ತೇನೆ. ಒಂದು ವರ್ಷ ಮೇ ಕೊನೆಯಲ್ಲಿ ಎರಡು ದಿನ ಮಳೆ ಬಂತು, ಮುಂಗಾರು ಹಿಡಿಯಿತು ಅಂದುಕೊಂಡು ಸಸಿಗೆ ನೆರಳು ಕೊಡುವ ಚಪ್ಪರದ ಸೊಪ್ಪನ್ನೆಲ್ಲ ಒಂದೇ ದಿನ ತೆಗೆಸಿಬಿಟ್ಟೆ, ಆಮೇಲೆ ನೋಡಿದರೆ ವಾರವಿಡೀ ಸುಡು ಬಿಸಿಲು. ಎಲೆಗಳು ಬಿಳಿಚಿಕೊಂಡವು. ಕೆಲವು ಕಂದಾಗಿ ಸುಟ್ಟವು.

"ನೀರು ಸಾಲಲಿಲ್ಲ ಗೌಡ್ರೇ" ಅಂದ ಮೇಸ್ತ್ರಿ. ನೀರಿಗೇನೂ ಕಡಿಮೆ ಮಾಡಿರಲಿಲ್ಲ.

ಬಿಎಸ್ಸಿಯಲ್ಲಿ ಓದಿದ್ದು ಆಗ ನೆನಪಾಯಿತು, ತಡವಾಗಿ. ಎಲೆಯ ಹಸಿರು ಇರುವುದು ಕ್ಲೋರೋಪ್ಲಾಸ್ಟ್ ಒಳಗಿನ ಥೈಲಕಾಯ್ಡ್ ಅನ್ನುವ ತೆಳು ಪೊರೆಗಳಲ್ಲಿ. ನೆರಳಿನ ಎಲೆ ಅವನ್ನು ಅಕ್ಕಿ ರೊಟ್ಟಿ ಪೇರಿಸಿದ ಹಾಗೆ ಎತ್ತರಕ್ಕೆ ಪೇರಿಸಿಕೊಂಡಿರುತ್ತದೆ, ಸಿಕ್ಕ ಚೂರುಪಾರು ಬೆಳಕನ್ನೂ ಬಿಡಬಾರದಲ್ಲ. ಈ ಪೇರಿಗೆ ಗ್ರಾನಾ ಅಂತ ಹೆಸರು. ಬಿಸಿಲಿನ ಎಲೆಯಲ್ಲಿ ಪೇರಿ ಗಿಡ್ಡ.

ಬೆಳಕು ಜಾಸ್ತಿಯಾದಾಗ ಮೊದಲು ಪೆಟ್ಟು ತಿನ್ನುವುದು ಡಿ1 ಅನ್ನುವ ಪ್ರೋಟೀನು. ಅದು ದಿನಾ ಕೆಡುತ್ತದೆ, ಗಿಡ ದಿನಾ ರಿಪೇರಿ ಮಾಡುತ್ತದೆ. ತೊಂದರೆ ಏನೆಂದರೆ ಅದು ಕೂತಿರುವುದು ರೊಟ್ಟಿ ಪೇರಿಯ ಮಧ್ಯೆ. ಪೇರಿ ಸಡಿಲವಾಗಬೇಕು, ಕೆಟ್ಟ ಭಾಗ ಅಂಚಿಗೆ ಜಾರಿ ಬರಬೇಕು, ಅಲ್ಲಿ ಹಳೆಯ ಡಿ1 ಕಳಚಿ ಹೊಸದನ್ನು ಕೂರಿಸಿಕೊಂಡು ಮತ್ತೆ ಒಳಗೆ ಹೋಗಬೇಕು. ಕೆಡುವ ವೇಗ ಹೆಚ್ಚಾದರೆ ರಿಪೇರಿ ಹಿಂದೆ ಬೀಳುತ್ತದೆ, ಎಲೆ ಬಿಳಿಚುತ್ತದೆ. ಪೇರಿ ಸಡಿಲವಾಗಲು ಸ್ವಲ್ಪ ಹೊತ್ತು ಸಾಕು. ಆದರೆ ಬೆಳಕು ಹಿಡಿಯುವ ಪ್ರೋಟೀನು ಕಡಿಮೆ ಮಾಡಿ ಪೇರಿಯನ್ನೇ ತಗ್ಗಿಸಿಕೊಳ್ಳಲು ದಿನಗಟ್ಟಲೆ ಬೇಕು. ಆ ದಿನಗಳನ್ನೇ ನಾನು ಕೊಟ್ಟಿರಲಿಲ್ಲ.

ಮರುವರ್ಷ ಚಪ್ಪರದ ಸೊಪ್ಪನ್ನು ಮೂರು ಸಲ ಮಾಡಿ ತೆಗೆಸಿದೆ. ಮೊದಲು ಪೂರ್ವದ ಕಡೆಯದು ಮಾತ್ರ, ಬೆಳಗಿನ ಎಳೆ ಬಿಸಿಲು ಬೀಳಲಿ ಅಂತ. ಹತ್ತು ದಿನ ಬಿಟ್ಟು ಮೇಲಿನ ಸೊಪ್ಪಿನಲ್ಲಿ ಮೂರರಲ್ಲೊಂದು ಪಾಲು. ಹೊಸ ಎಲೆ ಜೋಡಿ ಬಿಚ್ಚಿ ಮಳೆಯೂ ಬಿಡದೆ ಹಿಡಿದ ಮೇಲೆ ಉಳಿದದ್ದು. ಆ ಹೊಸ ಜೋಡಿಗೆ ಕಾಯುವುದೇ ಮುಖ್ಯ, ಯಾಕೆಂದರೆ ಬಲಿತ ಎಲೆ ಒಳಗಿನ ಪೊರೆಯನ್ನು ಅಷ್ಟಿಷ್ಟು ಬದಲಿಸಿಕೊಂಡೀತು, ದಪ್ಪವಾಗಲಾರದು; ಚಿಗುರು ಬಿಸಿಲಿಗೆ ತಕ್ಕಂತೆ ಕಟ್ಟಿಕೊಂಡೇ ಬರುತ್ತದೆ.

ಬಂದ ಎಲೆ ಚಿಕ್ಕದು, ದಪ್ಪ, ತಿಳಿ ಹಸಿರು. ಮೇಸ್ತ್ರಿ ಯೂರಿಯಾ ಕೊಡೋಣ ಅಂದ. ಬೇಡ ಅಂದೆ, ಅದು ಹಸಿವಿನ ಬಣ್ಣ ಅಲ್ಲ.

ಹಲಸಿನ ಮರದಡಿ ಮರೆತು ಬಿಟ್ಟಿದ್ದ ಒಂದು ಸಾಲು ಮಾತ್ರ ಕಡು ಹಸಿರಾಗಿ ಮಿಂಚುತ್ತಿತ್ತು. ಅದನ್ನೇ ಅವನು ಒಳ್ಳೇ ಗಿಡ ಅಂತ ಬಯಲಿನ ಗುಂಡಿಗಳಿಗೆ ಎತ್ತಿಟ್ಟಿದ್ದ. ವಾಪಸ್ ಇಡಿಸಿದೆ.