ಸೆಗಾ ನುಡಿಸುವುದು: ರವಾನ್ ಕಾಯಿಸುವುದರಿಂದ ಆರು ಎಣಿಕೆವರೆಗೆ

ಮಾರಿಷಸ್ ದ್ವೀಪದ ಹಾಡು-ಕುಣಿತವಾದ ಸೆಗಾ ಎಂದರೆ ಹೋಟೆಲ್ ವೇದಿಕೆಯ ಕೀಬೋರ್ಡು, ಬೇಸ್ ಗಿಟಾರು, ಬೀಸುವ ಘೇರಿನ ಲಂಗ ಅಂತ ಹಲವರು ಅಂದುಕೊಂಡಿದ್ದಾರೆ. ಅದೂ ಸೆಗಾನೇ. ಆದರೆ ಕಲಿಯುವವರು ಮೊದಲು ಹಿಡಿಯಬೇಕಾದ್ದು ‘ಸೆಗಾ ತಿಪಿಕ್’ ಎನ್ನುವ ಹಳೆಯ ರೂಪ. ಆಫ್ರಿಕಾ, ಮಡಗಾಸ್ಕರ್‌ಗಳಿಂದ ಗುಲಾಮರಾಗಿ ಬಂದವರಲ್ಲಿ ಬೆಳೆದ ಇದು 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಬೇಕಾದ್ದು ಮೂರೇ ವಾದ್ಯ: ರವಾನ್ ಎಂಬ ಚರ್ಮವಾದ್ಯ, ಮರವಾನ್ ಎಂಬ ಬೀಜ ತುಂಬಿದ ಗಿಲಕಿ, ಬಡಿದು ನುಡಿಸುವ ಲೋಹದ ತ್ರಿಕೋನ ಟ್ರಯಾಂಗಲ್.

ರವಾನ್ ಸುಮಾರು ಎರಡಡಿ ಅಗಲದ ಮರದ ಬಳೆ, ಒಂದು ಮುಖಕ್ಕೆ ಮೇಕೆ ಚರ್ಮ. ನೋಡಲು ತಮಟೆಯ ನೆಂಟನಂತಿದ್ದರೂ ಕೋಲು ಮುಟ್ಟಿಸುವ ಹಾಗಿಲ್ಲ, ಬರಿಗೈಯೇ. ತಮಟೆಯಂತೆ ಇದನ್ನೂ ಕಾಯಿಸಬೇಕು. ದ್ವೀಪದ ಗಾಳಿಯಲ್ಲಿ ನೀರಿನಂಶ ಹೆಚ್ಚು, ಚರ್ಮ ಅದನ್ನು ಹೀರಿ ಸಡಿಲವಾಗುತ್ತದೆ, ನಾದ ಒದ್ದೆ ಗೋಣಿ ಬಡಿದಂತೆ ‘ಬದ್’ ಎನ್ನುತ್ತದೆ. ಒಣ ಹುಲ್ಲು ಅಥವಾ ತೆಂಗಿನ ಗರಿಯ ಉರಿ ಸಾಕು. ಉರಿಯಿಂದ ಒಂದೂವರೆ ಅಡಿ ದೂರದಲ್ಲಿ ಹಿಡಿದು ನಿಲ್ಲಿಸದೆ ತಿರುಗಿಸುತ್ತಿರಿ. ಅರ್ಧ ನಿಮಿಷಕ್ಕೊಮ್ಮೆ ಅಂಚಿನ ನಾಲ್ಕು ಕಡೆ ಬೆರಳಿನಿಂದ ತಟ್ಟಿ ನೋಡಿ. ನಾಲ್ಕೂ ಕಡೆ ಒಂದೇ ‘ಟಣ್’ ಬಂದರೆ ತೆಗೆಯಿರಿ. ಒಂದು ಕಡೆ ಏರು, ಇನ್ನೊಂದು ಕಡೆ ಇಳಿ ಇದ್ದರೆ ನೀವು ತಿರುಗಿಸಿದ್ದು ಸಾಲದು. ಕೂದಲು ಸುಟ್ಟ ವಾಸನೆ ಬಂತೆಂದರೆ ಕೈಮೀರಿದೆ: ಅತಿಯಾಗಿ ಒಣಗಿದ ಚರ್ಮ ಬಳೆಯ ಅಂಚಿನಲ್ಲೇ ಸೀಳುತ್ತದೆ. ಗ್ಯಾಸ್ ಒಲೆ ಬೇಡ, ಅದರ ಜ್ವಾಲೆ ಒಂದೇ ಜಾಗವನ್ನು ಸುಡುತ್ತದೆ. ಪ್ಲಾಸ್ಟಿಕ್ ಮುಚ್ಚಿಗೆಯ ರವಾನ್ ಆದರೆ ಬೆಂಕಿಯ ಹತ್ತಿರವೇ ತರಬೇಡಿ. ರಾತ್ರಿ ಬಯಲಲ್ಲಿ ನುಡಿಸುವಾಗ ಹಾಡುಗಳ ನಡುವೆ ಮತ್ತೆ ಕಾಯಿಸಬೇಕಾದೀತು, ಹಾಗಾಗಿ ಉರಿ ಆರಿಸಬೇಡಿ.

ಕೂತು ನುಡಿಸಿ. ಬಳೆಯ ಕೆಳ ಅಂಚು ತೊಡೆಯ ಮೇಲೆ, ಎಡಗೈ ಮೇಲಂಚಿನ ಮೇಲೆ, ಅದರ ಬೆರಳು ಚರ್ಮಕ್ಕೆ ತಾಗುವಂತೆ. ಬಲಗೈ ಬೆರಳು ಜೋಡಿಸಿ ನಡುವಿಗಿಂತ ಕೊಂಚ ಕೆಳಗೆ ಹೊಡೆದರೆ ‘ಗುಂ’. ಹೊಡೆದ ಕೈ ಕೂಡಲೇ ಹಿಂದಕ್ಕೆ ಪುಟಿಯಬೇಕು, ಅಲ್ಲೇ ಕೂತರೆ ನಾದ ಸಾಯುತ್ತದೆ. ಬೆರಳ ತುದಿ ಅಂಚಿಗೆ ತಾಗಿದರೆ ‘ಟಕ್’. ಎಡಗೈ ಬೆರಳಿನದು ಹಗುರಾದ ‘ತಿ’.

ಲಯ ಆರು ಎಣಿಕೆಯದು: ತಕಿಟ ತಕಿಟ. ಕೈ ಪಳಗಿಸಲು ಈ ಸರಳ ವರಸೆ ಸಾಕು: ಗುಂ ತಿ ಟಕ್, ಗುಂ ಟಕ್ ತಿ. ಎಡವುವುದು ಇಲ್ಲೇ. ಆರನ್ನು ಎರಡು ಮೂರಾಗಿಯೂ ಒಡೆಯಬಹುದು, ಮೂರು ಎರಡಾಗಿಯೂ ಒಡೆಯಬಹುದು, ಸೆಗಾದ ತೂಗಾಟ ಹುಟ್ಟುವುದು ಇವೆರಡೂ ಒಟ್ಟಿಗೆ ಇರುವುದರಿಂದ. ಮೂರು ಎರಡಷ್ಟನ್ನೇ ಹಿಡಿದರೆ ಅದು ಯುರೋಪಿನ ಮೂರೆಣಿಕೆಯ ಕುಣಿತ ವಾಲ್ಟ್ಸ್ ಆಗಿಬಿಡುತ್ತದೆ. ವಾದ್ಯ ಪಕ್ಕಕ್ಕಿಟ್ಟು ಒಂದು, ನಾಲ್ಕಕ್ಕೆ ಕಾಲು ತಟ್ಟಿ. ಒಂದು, ಮೂರು, ಐದಕ್ಕೆ ಚಪ್ಪಾಳೆ ಹಾಕಿ. ಬಾಯಲ್ಲಿ ತಕಿಟ ಬಿಡಬೇಡಿ. ಕೈ ಕಾಲು ಒಂದನ್ನೊಂದು ಎಳೆಯದೆ ನಡೆಯುವವರೆಗೆ ರವಾನ್ ಮುಟ್ಟದಿದ್ದರೂ ನಷ್ಟವಿಲ್ಲ.

ಮರವಾನ್ ಅನ್ನು ಮನೆಯಲ್ಲೇ ಮಾಡಬಹುದು, ಮಂಡ್ಯದ ಕಡೆಯವರಿಗಂತೂ ಸಾಮಾನು ಹೊಲದಲ್ಲೇ ಇದೆ: ಕಬ್ಬಿನ ಸೂಲಂಗಿಯ, ಅಂದರೆ ಹೂಗೊಂಚಲಿನ, ದಂಟು. ನೆಟ್ಟಗಿರುವುದನ್ನು ಆರಿಸಿ ಒಂದು ವಾರ ನೆರಳಲ್ಲಿ ಒಣಗಿಸಿ. 30 ಸೆಂ.ಮೀ. ಉದ್ದ, 20 ಅಗಲ, 3 ಎತ್ತರದ ಮರದ ಪಟ್ಟಿಯ ಚೌಕಟ್ಟು ಮಾಡಿ, ಕೆಳಮುಖಕ್ಕೆ ದಂಟುಗಳನ್ನು ಸಂದಿಲ್ಲದಂತೆ ಸಾಲಾಗಿ ಜೋಡಿಸಿ ದಾರದಿಂದ ಬಿಗಿಯಿರಿ. ಕ್ಯಾನಾ ಹೂಗಿಡದ ಗಟ್ಟಿ ಕರಿಬೀಜ ಒಂದು ಹಿಡಿ ಹಾಕಿ ಮೇಲ್ಮುಖವನ್ನೂ ಹಾಗೆಯೇ ಮುಚ್ಚಿ. ಎರಡು ಹಿಡಿ ಹಾಕಿದರೆ ಬೀಜಕ್ಕೆ ಓಡಲು ಜಾಗವಿರದೆ ಸದ್ದು ಕಲಸಿಹೋಗುತ್ತದೆ. ರಾಗಿ ಹಾಕಬೇಡಿ, ಸಂದಿಯಿಂದ ಸೋರಿ ಅಂಗಳದ ಕೋಳಿಗಳಿಗೆ ಹಬ್ಬವಾಗುತ್ತದೆ.

ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ಎಡಕ್ಕೆ ಬಲಕ್ಕೆ ಓಲಿಸಿ. ಬೀಜ ಜಾರಿ ಗೋಡೆಗೆ ಬಡಿಯಲು ಒಂದು ಕ್ಷಣ ಹಿಡಿಯುತ್ತದೆ, ಆದ್ದರಿಂದ ಕೈ ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಹೊರಡಬೇಕು. ಒತ್ತು ಬೇಕಾದಲ್ಲಿ ಹೆಬ್ಬೆರಳಿನಿಂದ ತಟ್ಟಿ.

ಟ್ರಯಾಂಗಲ್ ಸುಲಭ. ದಾರಕ್ಕೆ ತೂಗುಹಾಕಿ, ಮುಷ್ಟಿ ಮುಚ್ಚಿ ತೆರೆದು ನಾದವನ್ನು ತುಂಡರಿಸಿ.

ತಾಳ ಎಣಿಸುವ ಸಾಧನವಾದ ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 70 ಕಾಲ್ತಟ್ಟಿನಿಂದ ಶುರುಮಾಡಿ, ಹಾಡು ಮುಗಿಯುವ ಹೊತ್ತಿಗೆ 110ರ ಸುಮಾರಿಗೆ ಏರಿಸಿ. ಏರಿಕೆ ಕೇಳುವವರಿಗೆ ಗೊತ್ತಾಗಬಾರದು. ಸಾಮಾನ್ಯವಾಗಿ ಮರವಾನ್ ಹಿಡಿದವರೇ ಓಡುವುದು, ಅವರ ಕಣ್ಣು ರವಾನ್‌ನವರ ಬಲಗೈ ಮೇಲಿರಲಿ. ಹಾಡು ಪಾಶ್ಚಾತ್ಯ ಸಂಗೀತದ ಮೈನರ್ ಸ್ವರಶ್ರೇಣಿಯಲ್ಲಿ ಇರಬಹುದು, ಸಾಹಿತ್ಯ ದ್ವೀಪದ ಆಡುಭಾಷೆ ಕ್ರಿಯೋಲ್‌ನಲ್ಲಿ, ಒಬ್ಬರು ಸ್ಥಳದಲ್ಲೇ ಕಟ್ಟಿ ಹಾಡುತ್ತಾರೆ. ಕಿವಿ ಪಳಗಲು ಹಳೆಯ ಸೆಗಾ ಗಾಯಕ ಟಿ ಫ್ರೆರ್ (1900–1992) ಹಾಡಿದ್ದು ಕೇಳಿ. ಆಮೇಲೆ ಬೇಕಿದ್ದರೆ 1980ರ ದಶಕದಲ್ಲಿ ಗಾಯಕ ಕಾಯಾ ಸೆಗಾಕ್ಕೆ ಜಮೈಕಾದ ರೆಗ್ಗೆ ಸಂಗೀತ ಬೆರೆಸಿ ಬೆಳೆಸಿದ ‘ಸೆಗ್ಗೆ’ ಕಡೆ ಹೋಗಿ. ಮೊದಲೇ ಹೋದರೆ ಆರರ ಎಣಿಕೆ ನಾಲ್ಕಕ್ಕೆ ಜಾರುತ್ತದೆ.

ಕುಣಿಯುವವರು ಪಾದ ಎತ್ತದೆ ನೆಲ ಸವರಿಕೊಂಡು ಸಣ್ಣ ಹೆಜ್ಜೆ ಇಡಲಿ, ಆಡಬೇಕಾದ್ದು ಸೊಂಟ. ಅವರು ಜಿಗಿಯಲು ಶುರುಮಾಡಿದರೆ ನಿಮ್ಮ ‘ಗುಂ’ ಅತಿ ಜೋರಾಗಿದೆ ಎಂದರ್ಥ, ಕೈ ಹಗುರ ಮಾಡಿ.