ಆರ್ಟಿಚೋಕ್‌ಗೆ ಬಾಳೆ ಹೂವಿನ ಉಪಚಾರ

ಹೋದ ತಿಂಗಳು ಮಗ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬರುವಾಗ ಆರು ಆರ್ಟಿಚೋಕ್ ತಂದಿದ್ದ. ಅತ್ತೆ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇದೆಂಥದೇ, ಬಾಳೆ ಹೂವಿಗೂ ಅನಾನಸಿಗೂ ಹುಟ್ಟಿದ್ದಾ?" ಅಂದರು.

ಇದು ಮೆಡಿಟರೇನಿಯನ್ ಸೀಮೆಯ ಗಿಡದ ಮೊಗ್ಗು. ಇಟಲಿಯವರು ಜಾಸ್ತಿ ಬೆಳೆಯುತ್ತಾರೆ. ಬಯಲುಸೀಮೆಯ ಕುಸುಬೆಗೆ ನೆಂಟ. ಕೊಯ್ಯದೆ ಬಿಟ್ಟರೆ ನೇರಳೆ ಹೂವಾಗಿ ಅರಳುತ್ತದೆ, ಆಮೇಲೆ ತಿನ್ನಲು ಬರುವುದಿಲ್ಲ.

ಮೊದಲನೆಯದು ಹಾಳಾಯಿತು. ಅಭ್ಯಾಸದಂತೆ ಮೆಟ್ಟುಗತ್ತಿ ಹಾಕಿಕೊಂಡು ಕೂತೆ. ಕಬ್ಬಿಣದ ಅಲಗು ತಾಗಿದಲ್ಲೆಲ್ಲ ಕಪ್ಪಾಯಿತು. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬರುವಷ್ಟರಲ್ಲಿ ಉಳಿದದ್ದೂ ಕಂದು. ಅತ್ತೆ ನೋಡಿ, "ಬಾಳೆ ಹೂವನ್ನ ಹೆಚ್ಚಿ ಮಜ್ಜಿಗೆಗೆ ಹಾಕದೆ ಬಿಟ್ರೆ ಹೀಗೇ ಅಲ್ವಾ ಆಗೋದು?" ಅಂದರು. ಹೌದಲ್ಲ! ಗಾಳಿ ತಾಗಿದರೆ ಕಪ್ಪಾಗುವ ಗುಣ ಎರಡಕ್ಕೂ ಒಂದೇ, ಹುಳಿಯೇ ಅದಕ್ಕೆ ಮದ್ದು.

ಎರಡನೆಯದಕ್ಕೆ ಸ್ಟೀಲ್ ಚಾಕು ತಗೊಂಡೆ. ಒಂದು ಲೀಟರ್ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಪಕ್ಕದಲ್ಲಿಟ್ಟೆ. ಹೊರಗಿನ ಗಟ್ಟಿ ಎಸಳುಗಳನ್ನು ಕೆಳಮುಖವಾಗಿ ಎಳೆದರೆ ಪಟ್ ಅಂತ ಮುರಿಯುತ್ತವೆ. ಹಸಿರು ಹೋಗಿ ತಿಳಿ ಹಳದಿ ಎಸಳು ಬರುವ ತನಕ ಕೀಳಬೇಕು. ಇಲ್ಲಿ ಜಿಪುಣತನ ಮಾಡಿದರೆ ಪಲ್ಯ ನಾರಾಗುತ್ತದೆ. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ ಬಿಸಾಡಿ, ಎರಡು ಹೋಳು ಮಾಡಿದೆ. ನಡುವೆ ಜೋಳದ ತೆನೆಯ ಕೂದಲಿನ ಹಾಗೆ ಒತ್ತೊತ್ತಾಗಿ ಎಳೆಗಳಿದ್ದವು. ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಚಮಚದಲ್ಲಿ ಪೂರ್ತಿ ಕೆರೆದು ತೆಗೆಯಬೇಕು. ಅದರ ಕೆಳಗಿನ ಬಟ್ಟಲಿನಂಥ ಬುಡವೇ ಅಸಲು ಮಾಲು. ಒಂದೊಂದು ಹೋಳು ಆದ ಕೂಡಲೇ ನಿಂಬೆ ನೀರಿಗೆ. ದಂಟಿನ ಸಿಪ್ಪೆ ಹೆರೆದರೆ ಅದರ ತಿರುಳೂ ಆಗುತ್ತದೆ. ಹೀಗೆ ಮೂರನ್ನು ಬಿಡಿಸಿದೆ.

ಉಳಿದೆರಡನ್ನು ತುದಿ ಕತ್ತರಿಸಿ ಇಡಿಯಾಗಿಯೇ ಇಡ್ಲಿ ಪಾತ್ರೆಯಲ್ಲಿ 40 ನಿಮಿಷ ಹಬೆಯಲ್ಲಿ ಬೇಯಿಸಿದೆ. ನಡುವಿನ ಎಸಳು ಎಳೆದಾಗ ಸಲೀಸಾಗಿ ಬಂದರೆ ಬೆಂದಿದೆ ಅಂತ. ಸಾಂಬಾರಿನ ನುಗ್ಗೆಕಾಯಿ ತಿನ್ನಲು ಗೊತ್ತಿರುವವರಿಗೆ ಇದನ್ನು ತಿನ್ನಲು ಯಾರೂ ಕಲಿಸಬೇಕಿಲ್ಲ. ಎಸಳಿನ ಬುಡವನ್ನು ಹಲ್ಲಿನ ನಡುವೆ ಎಳೆಯುವುದು, ಉಳಿದದ್ದು ತಟ್ಟೆಯಂಚಿಗೆ. ಹೊರದೇಶಗಳಲ್ಲಿ ಬೆಣ್ಣೆ ಕರಗಿಸಿ ಅದ್ದಿಕೊಳ್ಳುವವರಿದ್ದಾರೆ. ನಾನು ಗಟ್ಟಿ ಮೊಸರಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಕಲಸಿದೆ. ಬೆಣ್ಣೆಗಿಂತ ಇದೇ ಮೇಲು, ಈ ವಿಷಯದಲ್ಲಿ ನಾನು ರಾಜಿ ಆಗಲ್ಲ.

ತಿಂದ ಮೇಲೆ ನೀರು ಕುಡಿದ ಮಗ, "ಅಮ್ಮಾ, ನೀರಿಗೆ ಸಕ್ಕರೆ ಹಾಕಿದ್ದೀಯಾ?" ಅಂದ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ಇದರಲ್ಲಿರುವ ಸೈನಾರಿನ್ ಅನ್ನುವ ಅಂಶದ ಕೆಲಸ ಅದು. ಎಲ್ಲರ ನಾಲಿಗೆಗೂ ಗೊತ್ತಾಗುವುದಿಲ್ಲ. ಅತ್ತೆ ಎರಡು ಲೋಟ ಕುಡಿದರೂ ಸಪ್ಪೆ ನೀರೇ!

ಬಿಡಿಸಿದ ಮೂರರಲ್ಲಿ ಅರ್ಧ ಪಲ್ಯಕ್ಕೆ ಹೋಯಿತು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು. ತೆಳ್ಳಗೆ ಹೆಚ್ಚಿದ ಹೋಳು ಹಾಕಿ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಬೇಯಿಸಿ, ಕೊನೆಗೆ ಕಾಯಿತುರಿ. ಬೆಲ್ಲ ಹಾಕಲಿಲ್ಲ, ಅದಕ್ಕೇ ಒಂದು ಸಿಹಿ ಇದೆ.

ಇನ್ನರ್ಧ ಇಡಬೇಕಿತ್ತು. ಹಸಿಯಾಗಿ ಫ್ರೀಜರಿಗೆ ಹಾಕಿದರೆ ಕಪ್ಪಾಗುತ್ತದೆ. ನಿಂಬೆರಸ ಹಾಕಿದ ಕುದಿಯುವ ನೀರಿನಲ್ಲಿ 5 ನಿಮಿಷ ಬೇಯಿಸಿ, ತಣಿಸಿ, ಬಟ್ಟೆಯಲ್ಲಿ ಒತ್ತಿ ಡಬ್ಬಿಗೆ ತುಂಬಿದೆ. ಬಿಡಿಸದ ಮೊಗ್ಗಾದರೆ ತೊಳೆಯದೆ, ದಂಟಿನ ತುದಿಗೆ ಮಾತ್ರ ನೀರು ಸವರಿ, ಕವರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಐದಾರು ದಿನ ತಡೆಯುತ್ತದೆ. ತಾಜಾ ಇದ್ದರೆ ಒತ್ತಿದಾಗ ಕಿರ್ರ್ ಅನ್ನುತ್ತದೆ. ಭರಣಿಗೆ ಹಾಕಿ ಎಣ್ಣೆ ಸುರಿದು ಹೊರಗಿಡುವ ಆಸೆ ನನಗೂ ಬಂದಿತ್ತು. ಬೇಡ. ಮಿಡಿಯಲ್ಲಿರುವ ಹುಳಿ, ಉಪ್ಪು ಇದರಲ್ಲಿಲ್ಲ. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ, ಅಂದರೆ ಜೀವಕ್ಕೇ ಕುತ್ತಾಗಬಹುದಾದ ಕಾಯಿಲೆ, ತರುವ ವಿಷ ಹುಟ್ಟಬಹುದು, ವಾಸನೆಯಲ್ಲೂ ಗೊತ್ತಾಗುವುದಿಲ್ಲ.

ಕೊನೆಗೆ ಲೆಕ್ಕ ಹಾಕಿದರೆ ಒಂದು ಬಟ್ಟಲು ಪಲ್ಯ, ಒಂದು ಸಣ್ಣ ಡಬ್ಬಿ, ಒಂದು ಬುಟ್ಟಿ ಸಿಪ್ಪೆ. ಬುಟ್ಟಿಯನ್ನು ಕೊಟ್ಟಿಗೆಗೆ ಒಯ್ದೆ. ದನ ಮೂಸಿ ನೋಡಿ, ಒಂದೆಸಳು ಜಗಿದು, ಆಮೇಲೆ ಬುಟ್ಟಿಯನ್ನೇ ಖಾಲಿ ಮಾಡಿತು.